ಎಂಎಚ್ ನಂಬರಿನ ಸಿಎನ್‌ಜಿ ಕಾರು ಹುಬ್ಬಳ್ಳಿಗೆ ಬಂದರೆ

ಪುಣೆಯಿಂದ ವರ್ಗವಾಗಿ ಹುಬ್ಬಳ್ಳಿಗೆ ಬರುತ್ತಿದ್ದೀರಿ ಅಂದಿರಿ. ಬರ್ರಿ, ಸಂತೋಷ. ನೀವು ಕೇಳಿದ್ದು ಎರಡು ಮಾತು. ಸಿಎನ್‌ಜಿ (ಒತ್ತಿ ತುಂಬಿದ ನೈಸರ್ಗಿಕ ಅನಿಲ) ಕಾರಿಗೆ ಮಹಾರಾಷ್ಟ್ರ ಕೊಡುವ ತೆರಿಗೆ ರಿಯಾಯಿತಿಯನ್ನು ನಮ್ಮ ಕಡೆಯವರು ದುರುಪಯೋಗ ಮಾಡಿಕೊಳ್ಳುತ್ತಾರಂತೆ, ನಿಜವೇ? ನಿಮ್ಮ ಗಾಡಿಯನ್ನು ಎಂಎಚ್ ನಂಬರಿನಲ್ಲೇ ಇಲ್ಲಿ ಓಡಿಸಬಹುದೇ? ಎರಡನೆಯದನ್ನು ಕೊನೆಗೆ ಹೇಳುತ್ತೇನೆ. ಮೊದಲನೆಯದಕ್ಕೆ ಲೆಕ್ಕ ಬಿಡಿಸಬೇಕು, ಯಾಕೆಂದರೆ ಈ ವಿಷಯದಲ್ಲಿ ಚಹಾದಂಗಡಿ ಮಾತಿಗೂ ಕಾಗದದ ಲೆಕ್ಕಕ್ಕೂ ತಾಳೆ ಆಗುವುದಿಲ್ಲ.

ಹುಬ್ಬಳ್ಳಿ ಗಡಿಗೆ ಅಂಟಿಕೊಂಡ ಊರಲ್ಲ. ಆದರೆ ಹೆದ್ದಾರಿ 48 ಹಿಡಿದು ಧಾರವಾಡ, ಬೆಳಗಾವಿ, ನಿಪ್ಪಾಣಿ ದಾಟಿದರೆ ಕೊಲ್ಹಾಪುರ. ಹೆಚ್ಚುಕಡಿಮೆ 200 ಕಿಲೋಮೀಟರ್. ಬೀಗತನ ಆ ಕಡೆಗೆ, ವ್ಯಾಪಾರ ಆ ಕಡೆಗೆ, ಮಹಾಲಕ್ಷ್ಮಿ ದರ್ಶನಕ್ಕೂ ಆ ಕಡೆಗೆ. ಹಾಗಾಗಿ ಗೋಕುಲ ರಸ್ತೆಯಲ್ಲೋ ವಿದ್ಯಾನಗರದಲ್ಲೋ ಎಂಎಚ್-09, ಎಂಎಚ್-10 ಗಾಡಿ ಕಂಡರೆ ಅದರ ಮಾಲೀಕ ತೆರಿಗೆಗಳ್ಳ ಎಂದು ತಿಳಿಯಬೇಡಿ. ಮಗಳನ್ನು ನೋಡಲು ಬಂದ ಸಾಂಗಲಿಯ ತಂದೆಯೂ ಅದೇ ನಂಬರಿನ ಗಾಡಿಯಲ್ಲೇ ಬರುತ್ತಾನೆ. ಆದರೂ ಅಲ್ಲಿಯ ನೆಂಟರ ವಿಳಾಸ ಕೊಟ್ಟು ನೋಂದಣಿ ಮಾಡಿಸಿ, ಗಾಡಿಯನ್ನು ವರ್ಷಗಟ್ಟಲೆ ಇಲ್ಲೇ ಓಡಿಸುವವರು ಇಲ್ಲ ಎನ್ನಲಾರೆ. "ಅಣ್ಣಾರ, ಕೊಲ್ಹಾಪುರದಾಗ ಗ್ಯಾಸ್ ಗಾಡಿ ತಗೋರಿ, ಲಕ್ಷ ಉಳಿತೈತಿ" ಅನ್ನುವ ಸಲಹೆ ನಿಮಗೂ ಸಿಗುತ್ತದೆ.

ಸಣ್ಣ ಕಾರಿನಲ್ಲಿ ಲಕ್ಷ ಉಳಿಯುವುದಿಲ್ಲ. ನೋಡಿ. ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆ ಬೆಲೆಯ ಮೇಲೆ ನಿಂತಿದೆ: 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರಾಚೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11ರಷ್ಟು ಸೆಸ್. ಪೆಟ್ರೋಲೋ ಸಿಎನ್‌ಜಿಯೋ ಎಂದು ಇಲ್ಲಿ ಯಾರೂ ಕೇಳುವುದಿಲ್ಲ, ಎರಡಕ್ಕೂ ಅದೇ ದರ. ಮಹಾರಾಷ್ಟ್ರ ಕೇಳುತ್ತದೆ. ಅಲ್ಲಿ ಪೆಟ್ರೋಲ್ ಕಾರಿಗೆ ಬೆಲೆ ನೋಡಿ ಶೇ 11, 12, 13. ಡೀಸೆಲ್ಲಿಗೆ 13, 14, 15. ಸಿಎನ್‌ಜಿಗೆ 7, 8, 9 ಇತ್ತು, 2025ರ ಜುಲೈ 1ರಿಂದ ಒಂದೊಂದು ಅಂಶ ಏರಿಸಿ 8, 9, 10 ಮಾಡಿದರು. ಜಿಎಸ್‌ಟಿಯಲ್ಲಿ ಗ್ಯಾಸಿಗೆಂದು ಬೇರೆ ರಿಯಾಯಿತಿ ಇಲ್ಲ; 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿಗೂ ಸಣ್ಣ ಸಿಎನ್‌ಜಿ ಕಾರಿಗೂ ಒಂದೇ ಶೇ 18.

ಈಗ 9 ಲಕ್ಷದ ಸಿಎನ್‌ಜಿ ಕಾರು ತಗೊಳ್ಳಿ. ಇಲ್ಲಿ ತೆರಿಗೆ 1,26,000, ಸೆಸ್ ಕೂಡಿದರೆ 1,40,000ದ ಹತ್ತಿರ. ಕೊಲ್ಹಾಪುರದಲ್ಲಿ ಶೇ 8ರಂತೆ 72,000. ಉಳಿತಾಯ 68,000. ಇದರಲ್ಲಿ ಗ್ಯಾಸಿನ ರಿಯಾಯಿತಿಯ ಪಾಲೆಷ್ಟು? ಅದೇ ಬೆಲೆಗೆ ಅಲ್ಲಿಯ ಪೆಟ್ರೋಲ್ ದರ ಹಚ್ಚಿದರೆ 99,000 ಆಗುತ್ತದೆ. ಅಂದರೆ ಗ್ಯಾಸಿನಿಂದ ಉಳಿದದ್ದು 27,000 ಮಾತ್ರ. ಮಿಕ್ಕ 41,000 ನಮ್ಮ ರಾಜ್ಯದ ದರ ಜಾಸ್ತಿ ಇರುವುದರಿಂದ ಹುಟ್ಟಿದ ಅಂತರ. ಅದು ಪೆಟ್ರೋಲ್ ಗಾಡಿ ತಂದವನಿಗೂ ಸಿಗುತ್ತದೆ. ಇಲ್ಲಿ ನಡೆಯುತ್ತಿರುವುದು ಗಡಿ ದಾಟಿದ ನೋಂದಣಿಯ ಮೋಸ. ಸಿಎನ್‌ಜಿ ಹೆಸರು ಸುಮ್ಮನೆ ಅದಕ್ಕೆ ಅಂಟಿಕೊಂಡಿದೆ.

ಇನ್ನೊಂದು ರೀತಿಯಿಂದಲೂ ತೂಗಿ ನೋಡಿ. ಕಾರ್ಖಾನೆಯಲ್ಲೇ ಗ್ಯಾಸ್ ಕಿಟ್ ಹಾಕಿದ ಮಾದರಿಗೆ ಪೆಟ್ರೋಲ್ ಮಾದರಿಗಿಂತ ಸುಮಾರು 90,000 ರೂಪಾಯಿ ಹೆಚ್ಚು ಕೊಡಬೇಕು. ಡಿಕ್ಕಿಯ ಜಾಗ ಸಿಲಿಂಡರಿಗೆ ಹೋಗುತ್ತದೆ. 27,000 ಉಳಿಸಲು 90,000 ಚೆಲ್ಲುವವರು ಯಾರು? ದಿನಾ ಗ್ಯಾಸ್ ಸುಟ್ಟು ಆ ದುಡ್ಡು ಮರಳಿ ಪಡೆಯುವವನು ಮಾತ್ರ. ಹಾಗಾಗಿ ಸಣ್ಣ ಕಾರುಗಳ ಮಟ್ಟಿಗೆ ಮಹಾರಾಷ್ಟ್ರದ ರಿಯಾಯಿತಿ ದುರುಪಯೋಗಕ್ಕೆ ಬಗ್ಗುವುದಿಲ್ಲ. ರಿಯಾಯಿತಿಯ ಮೊತ್ತ ಕಿಟ್ಟಿನ ಬೆಲೆಯನ್ನು ಮೀರಿದ ದಿನ ಮಾತ್ರ ಮೋಸ ಲಾಭದ ಕಸುಬಾಗುತ್ತದೆ.

ಅಮೆರಿಕದ ಅರಿಜೋನಾ ರಾಜ್ಯದಲ್ಲಿ 2000ನೇ ಇಸವಿಯಲ್ಲಿ ಆದದ್ದೇ ಅದು. ನೈಸರ್ಗಿಕ ಅನಿಲಕ್ಕೋ ಪ್ರೊಪೇನ್‌ಗೋ ಬದಲಾಯಿಸಿದ ಹೊಸ ಗಾಡಿಗೆ ಬೆಲೆಯ ದೊಡ್ಡ ಪಾಲನ್ನೇ ಸರ್ಕಾರ ಮರಳಿ ಕೊಡುತ್ತದೆ ಎಂದು ಕಾನೂನು ಮಾಡಿದರು. ಆ ಇಂಧನವನ್ನೇ ಸುಡಬೇಕು ಎಂಬ ಷರತ್ತು ಹಾಕಲಿಲ್ಲ. ಜನ ಭಾರೀ ಎಸ್‌ಯುವಿ, ಪಿಕಪ್ ಟ್ರಕ್ ಕೊಂಡು, ಅವುಗಳಿಗೆ ಮೂರು ನಾಲ್ಕು ಗ್ಯಾಲನ್ನಿನ, ಅಂದರೆ ಸುಮಾರು 11–15 ಲೀಟರ್ ಹಿಡಿಯುವ, ಪುಟ್ಟ ಟ್ಯಾಂಕ್ ಹಚ್ಚಿಸಿಕೊಂಡರು. ಓಡಿಸಿದ್ದು ಪೆಟ್ರೋಲಿನ ಮೇಲೆ. ಸುಮಾರು 1 ಕೋಟಿ ಡಾಲರ್ ಎಂದುಕೊಂಡಿದ್ದ ಖರ್ಚಿನ ಅಂದಾಜು ಕೆಲವೇ ತಿಂಗಳಲ್ಲಿ ಹತ್ತಾರು ಪಟ್ಟು ಏರಿತು. ಕಾನೂನು ತಂದ ಸಭಾಧ್ಯಕ್ಷ ಜೆಫ್ ಗ್ರಾಸ್ಕಾಸ್ಟ್ ಆ ನವೆಂಬರಿನ ಚುನಾವಣೆಯಲ್ಲಿ ಸೋತರು.

ನಮ್ಮ ದೆಹಲಿಯಲ್ಲಿ ದುಡ್ಡಿನ ಬದಲು ಸ್ಟಿಕ್ಕರ್. ನಂಬರಿನ ಕೊನೆಯ ಅಂಕಿ ನೋಡಿ ದಿನ ಬಿಟ್ಟು ದಿನ ಕಾರು ಓಡಿಸಬೇಕಿದ್ದ 2016ರ ಸಮ-ಬೆಸ ಸಂಖ್ಯೆ ಯೋಜನೆಯಲ್ಲಿ ಸಿಎನ್‌ಜಿ ಕಾರುಗಳಿಗೆ ವಿನಾಯಿತಿ ಕೊಟ್ಟಿದ್ದರು, ಗಾಜಿಗೆ ಸ್ಟಿಕ್ಕರ್ ಅಂಟಿಸಿದರೆ ಸಾಕಿತ್ತು. ಕಿಟ್ಟೇ ಇಲ್ಲದ ಗಾಡಿಗಳ ಮೇಲೂ ಆ ಸ್ಟಿಕ್ಕರ್ ಕಾಣಿಸಿಕೊಂಡಿತು. 2019ರ ನವೆಂಬರಿನಲ್ಲಿ ಯೋಜನೆ ಮತ್ತೆ ಬಂದಾಗ ಖಾಸಗಿ ಸಿಎನ್‌ಜಿ ಕಾರುಗಳ ವಿನಾಯಿತಿ ಹೋಗಿತ್ತು. ದಿನಾ ಪ್ರಾಮಾಣಿಕವಾಗಿ ಗ್ಯಾಸ್ ಹಾಕಿಸಿದವರೂ ಅದರಲ್ಲಿ ಪೆಟ್ಟು ತಿಂದರು. ನನಗೆ ಸಿಟ್ಟು ಬರುವುದು ಇಲ್ಲಿ.

ಇಂಥ ಗಾಡಿ ಏನು ಸುಡುತ್ತಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಸಿಎನ್‌ಜಿ ಕಾರಿಗೆ ಪೆಟ್ರೋಲ್ ಟ್ಯಾಂಕೂ ಇರುತ್ತದೆ. ಸ್ಟೀರಿಂಗ್ ಪಕ್ಕದಲ್ಲಿ ಒಂದು ಸ್ವಿಚ್. ಒತ್ತಿದರೆ ಗ್ಯಾಸ್, ಮತ್ತೊಮ್ಮೆ ಒತ್ತಿದರೆ ಪೆಟ್ರೋಲ್. ಆರ್‌ಸಿಯಲ್ಲಿ ಎರಡೂ ಬರೆದಿರುತ್ತದೆ. ರಸ್ತೆಯಲ್ಲಿ ನಿಂತ ಯಾವ ಇನ್‌ಸ್ಪೆಕ್ಟರೂ ಆ ಸ್ವಿಚ್ ಕಾಯಲಾರ. ಗಾಡಿಗೆ ಕೊಟ್ಟ ರಿಯಾಯಿತಿಗೆ ಇದೇ ದೊಡ್ಡ ತೂತು.

ಅನಿಲಕ್ಕೇ ರಿಯಾಯಿತಿ ಕೊಟ್ಟರೆ ಈ ತೂತು ಮುಚ್ಚುತ್ತದೆ. ನೈಸರ್ಗಿಕ ಅನಿಲ ಜಿಎಸ್‌ಟಿಯ ಹೊರಗಿದೆ. ಸಿಎನ್‌ಜಿಗೆ ಕೇಂದ್ರ ಶೇ 14 ಅಬಕಾರಿ ಸುಂಕ ಹಾಕುತ್ತದೆ, ಅದರ ಮೇಲೆ ರಾಜ್ಯಗಳ ವ್ಯಾಟ್. ಮಹಾರಾಷ್ಟ್ರ 2022ರ ಏಪ್ರಿಲ್ 1ರಿಂದ ಆ ವ್ಯಾಟನ್ನು ಶೇ 13.5ರಿಂದ ಶೇ 3ಕ್ಕೆ ಇಳಿಸಿತು. ಇದನ್ನು ಹುಬ್ಬಳ್ಳಿಯವನು ಹೇಗೆ ದೋಚಬಲ್ಲ? ಕಾರಿನ ಸಿಲಿಂಡರಿಗೆ ಹಿಡಿಯುವುದು 9–10 ಕೆ.ಜಿ. ಕೊಲ್ಹಾಪುರದಲ್ಲಿ ಪೂರ್ತಿ ತುಂಬಿಸಿ ಹೊರಟರೆ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ಡೀಸೆಲ್ಲಿನ ಹಾಗೆ ಡ್ರಮ್ಮಿನಲ್ಲಿ ತುಂಬಿ ತರಲೂ ಬರುವುದಿಲ್ಲ, 200 ಬಾರ್ ಒತ್ತಡದ ಸರಕು. ಯಾರು ಸುಟ್ಟರೋ ಅವರಿಗೇ ಲಾಭ.

ಎಲ್‌ಪಿಜಿಯ ಕಥೆ ಬೇರೆ, ಅದನ್ನೂ ಹೇಳಲೇಬೇಕು. ಅಡುಗೆಮನೆಯ 14.2 ಕೆ.ಜಿ. ಕೆಂಪು ಸಿಲಿಂಡರಿಗೆ ತೆರಿಗೆ ಶೇ 5, ಅಂಗಡಿ-ಹೋಟೆಲಿನ 19 ಕೆ.ಜಿ. ಸಿಲಿಂಡರಿಗೆ ಶೇ 18. ಈ ಅಂತರದ ಆಸೆಗೆ ಕೆಂಪು ಸಿಲಿಂಡರನ್ನು ತಲೆಕೆಳಗು ಮಾಡಿ, ಪೈಪ್ ಕಟ್ಟಿ ಗಾಡಿಗೆ ಗ್ಯಾಸ್ ಇಳಿಸುವವರಿದ್ದಾರೆ. ಕಾನೂನಿನ ಮಾತು ಒಂದು ಕಡೆ ಇರಲಿ, ಒಂದು ಕಿಡಿ ಬಿದ್ದರೆ ಓಣಿಯೇ ಹೊತ್ತುತ್ತದೆ. ಅಂಥ ಕಡೆ ನಿಲ್ಲಬೇಡಿ, ನಿಮ್ಮ ಡ್ರೈವರನ್ನೂ ನಿಲ್ಲಿಸಬೇಡಿ. ಪೈಪಿನಲ್ಲಿ ಮನೆಗೆ ಬರುವ ನೈಸರ್ಗಿಕ ಅನಿಲದಿಂದ ಈ ಆಟ ನಡೆಯುವುದಿಲ್ಲ. ಒಲೆಗೆ ಬರುವ ಒತ್ತಡ ಕಾರಿನ ಸಿಲಿಂಡರಿಗೆ ಏನೇನೂ ಸಾಲದು.

ನೀವು ಬಂದ ಮೇಲೆ ಒಮ್ಮೆ ಬೆಳಿಗ್ಗೆ ಸಿಎನ್‌ಜಿ ಬಂಕಿನಲ್ಲಿ ನಿಂತು ನೋಡಿ. ಆಟೋಗಳ ಸಾಲು ಇರುತ್ತದೆ. ಕೂತವರನ್ನು ಇಳಿಸಿ, ಎಂಜಿನ್ ಆರಿಸಿ, ಹುಡುಗ ಮೊದಲು ಸಿಲಿಂಡರಿನ ತಗಡಿನ ಮೇಲಿನ ಒತ್ತಡ ಪರೀಕ್ಷೆಯ ತಾರೀಖು ನೋಡುತ್ತಾನೆ, ಆಮೇಲೆ ನಾಜಲ್ ಸಿಗಿಸುತ್ತಾನೆ. ಪೈಪ್‌ಲೈನ್ ಮುಟ್ಟದ ಬಂಕಿಗೆ ಲಾರಿಯ ಮೇಲೆ ಸಿಲಿಂಡರ್ ಸಾಲಿನಲ್ಲಿ ಗ್ಯಾಸ್ ಬರುತ್ತದೆ. ಅದು ಖಾಲಿಯಾಗುತ್ತ ಬಂದಂತೆ ಒತ್ತಡ ಇಳಿಯುತ್ತದೆ, ಮೀಟರ್ ಕುಂಟುತ್ತದೆ, ಟ್ಯಾಂಕ್ ಅರ್ಧಕ್ಕೇ ನಿಲ್ಲುತ್ತದೆ. "ಪ್ರೆಶರ್ ಇಲ್ರೀ ಸಾಹೇಬ್ರ" ಅನ್ನುತ್ತಾನೆ ಆಟೋದವನು, ಅರ್ಧ ಟ್ಯಾಂಕಿನಲ್ಲೇ ಹೊರಡುತ್ತಾನೆ, ಮಧ್ಯಾಹ್ನ ಮತ್ತೆ ಬಂದು ಸಾಲಿಗೆ ನಿಲ್ಲುತ್ತಾನೆ. ಊರಿನ ಹೊಗೆ ಕಡಿಮೆ ಮಾಡುತ್ತಿರುವವನು ಇವನು. ಶೋರೂಮಿನಲ್ಲಿ ಒಮ್ಮೆ ಸಿಗುವ ರಿಯಾಯಿತಿ ಇವನ ದಿನದ ದುಡಿಮೆಗೆ ಏನೂ ಕೂಡಿಸುವುದಿಲ್ಲ. ನಮ್ಮ ಸರ್ಕಾರ ಒಂದು ರೂಪಾಯಿ ಬಿಟ್ಟುಕೊಡುವುದಾದರೆ ಕೆ.ಜಿ. ಲೆಕ್ಕದಲ್ಲಿ, ಈ ನಾಜಲ್ಲಿನ ತುದಿಯಲ್ಲಿ ಬಿಟ್ಟುಕೊಡಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ನಿಮ್ಮ ಗಾಡಿ. ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿಯ ನಂಬರು ಪಡೆಯಲೇಬೇಕು. ವರ್ಗವಾಗಿ ಬರುವವರು ಮೊದಲೇ ತಯಾರಿ ಮಾಡಿಕೊಳ್ಳುವುದು ಒಳ್ಳೆಯದು. ಪುಣೆ ಆರ್‌ಟಿಒದಲ್ಲಿ ಫಾರಂ 28 ಕೊಟ್ಟು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಗೊಳ್ಳಿ. ಸಾಲದ ಗಾಡಿಯಾದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಹುಬ್ಬಳ್ಳಿಯಲ್ಲಿ ಫಾರಂ 27ರ ಜೊತೆ ಇಲ್ಲಿಯ ತೆರಿಗೆ ಕಟ್ಟಿದರೆ ಕೆಎ-63 ನಂಬರು ಸಿಗುತ್ತದೆ. ಹಳೆಯ ಗಾಡಿಗೆ ವಯಸ್ಸು ನೋಡಿ ತೆರಿಗೆ ಕಡಿಮೆಯಾಗುತ್ತದೆ. ಆ ರಸೀದಿ, ಹೊಸ ಆರ್‌ಸಿ ಇಟ್ಟು ಮಹಾರಾಷ್ಟ್ರದಲ್ಲಿ ಉಳಿದ ವರ್ಷಗಳ ತೆರಿಗೆ ಮರಳಿ ಕೇಳಬಹುದು. ಅದಕ್ಕೆ ಓಡಾಟ ಇದೆ, ಆದರೂ ಬಿಡಬೇಡಿ, ನಿಮ್ಮ ದುಡ್ಡು. ಸಿಲಿಂಡರಿನ ಒತ್ತಡ ಪರೀಕ್ಷೆ 3 ವರ್ಷಕ್ಕೊಮ್ಮೆ ಆಗಬೇಕು. ತಗಡಿನ ಮೇಲಿನ ತಾರೀಖು ಹತ್ತಿರ ಬಂದಿದ್ದರೆ ಪುಣೆಯಲ್ಲೇ ಮುಗಿಸಿಕೊಂಡು ಹೊರಡಿ, ಇಲ್ಲದಿದ್ದರೆ ಇಲ್ಲಿ ಬಂಕಿನ ಹುಡುಗ ನಾಜಲ್ ಮುಟ್ಟುವುದಿಲ್ಲ.