ಅಂಕೋಲಾ–ಹೊನ್ನಾವರ ದಂಡೆಗುಂಟ: ಕಾರು ಮರಳಿಗೆ ಇಳಿಸುವ ಮುಂಚೆ

ಅಣ್ಣಾರ, ಗಂಗಾವತಿಯಿಂದ ಒಂದು ಕಾರು, ನಾಲ್ಕು ಜನ, ಮೂರು ದಿನ. ಅಂಕೋಲಾದಿಂದ ಹೊನ್ನಾವರದ ತನಕ ಹೆದ್ದಾರಿ ಬಿಟ್ಟು ಕಡಲ ದಂಡೆಗುಂಟ ಹೋಗಬೇಕು, ಜೊತೆಗೆ ಮರಳಿನ ಮೇಲೂ ಕಾರು ಓಡಿಸಬೇಕು ಅಂತ ಕೇಳೀರಿ. ಮೊದಲನೆಯದು ಬಹುಪಾಲು ಆಗುತ್ತದೆ. ಎರಡನೆಯದು ಬೇಡ.

ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾ ಸುಮಾರು 300 ಕಿ.ಮೀ. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಮಧ್ಯಾಹ್ನದ ಊಟ ಅಲ್ಲೇ. ನಮ್ಮ ಕಡೆ ಸಪಾಟು ರಸ್ತೆಯಲ್ಲಿ ಓಡಿಸಿದವರಿಗೆ ತೊಂದರೆ ಆಗೋದು ಅರಬೈಲ್ ಘಟ್ಟದಲ್ಲಿ. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಹೋದರೆ ಪ್ಯಾಡ್ ಕಾಯ್ದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಹಿಡಿತ ಕಡಿಮೆಯಾಗುತ್ತದೆ. ಎರಡನೇ, ಮೂರನೇ ಗೇರಿನಲ್ಲೇ ಇಳೀರಿ. ಮಳೆಗಾಲ ಬೇಡವೇ ಬೇಡ; 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೇ ಕುಸಿದಿತ್ತು. ಭತ್ತದ ಕಟಾವು ಮುಗಿಸಿಕೊಂಡು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗ್ರಿ.

ಈಗ ಮರಳಿನ ಮಾತು. ದಂಡೆಯ ಮೇಲ್ಭಾಗದ ಒಣ ಮರಳು ಸಡಿಲ, ಗಾಲಿ ಒಂದು ಸುತ್ತು ಜಾರಿದರೆ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ನೀರಿನಂಚಿನ ಒದ್ದೆ ಮರಳು ಗಟ್ಟಿ ಕಂಡರೂ ಕಾರು ನಿಂತಲ್ಲೇ ನಿಂತರೆ ಅಲೆ ಬಂದುಹೋದಂತೆಲ್ಲ ಗಾಲಿ ಕೆಳಗಿನ ಮರಳು ಕೊಚ್ಚಿಹೋಗುತ್ತದೆ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆ ಚಿಲ್ಲರೆ; ಇಳಿತದ ಹೊತ್ತಿಗೆ ಸಿಕ್ಕಿಬಿದ್ದ ಕಾರಿಗೆ ಉಬ್ಬರದ ಹೊತ್ತಿಗೆ ಬಾಗಿಲ ಮಟ್ಟ ನೀರು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಇನ್ನೂ ಜೋರು. ಇದಲ್ಲದೆ ಹೊನ್ನಾವರ ಕಡೆ ಚಳಿಗಾಲದಲ್ಲಿ ಕಡಲಾಮೆ ಮರಳಲ್ಲಿ ಮೊಟ್ಟೆ ಇಡುತ್ತವೆ, ಮೇಲಿಂದ ಕಾಣೋದಿಲ್ಲ.

ಪಾರ್ಕಿಂಗ್ ಜಾಗದ ಮರಳಲ್ಲೇ ಹೂತರೆ ಆಕ್ಸಿಲರೇಟರ್ ತುಳೀಬ್ಯಾಡ್ರಿ. ಎಲ್ಲರೂ ಇಳಿದು, ಎಳೆಯುವ ಗಾಲಿಗಳ ಮುಂದೆ ಒಂದು ಮೊಳ ಇಳಿಜಾರಾಗಿ ತೋಡಿ, ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸಿ, ಫ್ಲೋರ್ ಮ್ಯಾಟ್ ಹಾಸಿ, ನಿಧಾನ ಕ್ಲಚ್ ಬಿಡ್ರಿ. ಚಾಸಿಸ್ ಮರಳಿಗೆ ತಾಗಿದ್ದರೆ ಮೊದಲು ಅಡಿಯ ಮರಳು ತೆಗೀರಿ, ಇಲ್ಲದಿದ್ದರೆ ಹಗ್ಗ ಕಟ್ಟಿ ಎಳೆದರೂ ಬರೋದಿಲ್ಲ. ರಸ್ತೆಗೆ ಹತ್ತಿದ ತಕ್ಷಣ ಗಾಳಿ ತುಂಬಿಸಬೇಕು, ಹಂಗಾಗಿ 12 ವೋಲ್ಟ್ ಪಂಪು ಜೊತೆಗಿರಲಿ.

ನಿಜವಾದ ಕಾಡು ದಂಡೆ ಇರೋದು ಗೋಕರ್ಣದ ದಕ್ಷಿಣಕ್ಕೆ. ಓಂ ಬೀಚಿನ ಮೇಲುಗಡೆಯ ಪಾರ್ಕಿಂಗ್‌ನಲ್ಲಿ ಕಾರು ಬಿಟ್ಟು ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಗುಡ್ಡದ ಕಾಲುದಾರಿ ಹಿಡೀರಿ. ಒಂದೊಂದು ತುಣುಕು ಅರ್ಧ ಗಂಟೆ. ಜಂಬಿಟ್ಟಿಗೆ ಕಲ್ಲಿನ ಪುಡಿ ಮೇಲೆ ಚಪ್ಪಲಿ ಜಾರುತ್ತದೆ, ಬೂಟು ಬೇಕು. ತಲಾ ಎರಡು ಲೀಟರ್ ನೀರು, ಟಾರ್ಚ್ ಇರಲಿ, ಕತ್ತಲಾಗುವ ಮುಂಚೆ ವಾಪಸ್ ಬರ್ರಿ.

ಅಲ್ಲಿಂದ ಮುಂದೆ ಅಘನಾಶಿನಿ ನದಿ ಅಡ್ಡ. ತದಡಿಯಲ್ಲಿ ದೋಣಿ ದಾಟಿಸುತ್ತಾರೆ, ಕಾರಿಗೆ ಬಾರ್ಜ್ ಇದೆಯೇ ಅಂತ ಹಿಂದಿನ ದಿನವೇ ವಿಚಾರಿಸ್ರಿ. ಇಲ್ಲದಿದ್ದರೆ ಮಿರ್ಜಾನ್ ಮೇಲೆ ಸುತ್ತಿ ಕುಮಟಾಕ್ಕೆ. ಮಿರ್ಜಾನ್ ಕೋಟೆ ಹೆದ್ದಾರಿ ಪಕ್ಕದಲ್ಲೇ ಇದೆ, ಸುತ್ತಿದ್ದು ದಂಡ ಅನ್ನಿಸೋದಿಲ್ಲ. ಕುಮಟಾ–ಹೊನ್ನಾವರ ನಡುವೆ ಧಾರೇಶ್ವರದ ದಂಡೆ ಸಾಕು. ಶರಾವತಿ ಸೇತುವೆ ದಾಟಿದರೆ ಕಾಸರಕೋಡಿನ ದಂಡೆ.

ಈಜು ಬರುತ್ತದೆ ಅಂತ ತುಂಗಭದ್ರಾ ಕಾಲುವೆಯ ಧೈರ್ಯ ಕಡಲಲ್ಲಿ ತೋರಿಸಬ್ಯಾಡ್ರಿ. ಎರಡೂ ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಸುಮ್ಮನಿದ್ದರೆ ನೀರು ಒಳಕ್ಕೆ ಎಳೆಯೋದು ಅಲ್ಲೇ. ಸಿಕ್ಕಿದರೆ ದಂಡೆಯ ಕಡೆ ಅಲ್ಲ, ದಂಡೆಗೆ ಸಮನಾಗಿ ಅಡ್ಡಕ್ಕೆ ಈಜಿ ಪಟ್ಟಿಯಿಂದ ಹೊರಬಂದು, ಆಮೇಲೆ ತಿರುಗ್ರಿ.

ಊರಿಗೆ ಬಂದ ದಿನವೇ ಕಾರಿನ ಅಡಿಭಾಗ, ಗಾಲಿ ಕಮಾನಿನ ಒಳಗೆ ಸಿಹಿನೀರಿನ ಪ್ರೆಷರ್ ಹೊಡೆಸ್ರಿ. ಬ್ರೇಕ್ ಡಿಸ್ಕ್ ಮೇಲಿನ ಕೆಂಪು ತುಕ್ಕು ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ಸೈಲೆನ್ಸರ್ ಬೋಲ್ಟಿಗೆ ಹತ್ತಿದ್ದು ಹೋಗೋದಿಲ್ಲ.