ಮೊಬೈಲ್‌ನ '1800' ಎಷ್ಟು ನಿಜ?

ಪ್ರಶ್ನೆ: ನಾವು ಮುಂಬೈನ ಮಾಟುಂಗಾದವರು. ಮಗಳಿಗೆ ಹದಿಮೂರು ವರ್ಷ, ಚೆಸ್ ಆಡುತ್ತಾಳೆ, ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟಿಂಗ್ 1520. ಮೊಬೈಲ್‌ನಲ್ಲಿ '1800' ಅಂತ ತೋರಿಸುವ ಕಂಪ್ಯೂಟರ್ ಜೊತೆ ಹತ್ತು ಆಟ ಆಡಿ ಐದು ಗೆದ್ದಳು. ಹಾಗಾದರೆ ಅವಳ ಮಟ್ಟ 1800 ಅಲ್ವಾ?

ಉತ್ತರ: ಈಗಲೇ ಹಾಗೆ ಹೇಳಲಾಗದು. ಯಾರ ಎದುರು ಆಡಿ ಎಷ್ಟು ಅಂಕ ತೆಗೆದಿರಿ ಅನ್ನುವುದರಿಂದಲೇ ರೇಟಿಂಗ್ ಹುಟ್ಟುತ್ತದೆ. ಈ ರೇಟಿಂಗ್ ಪದ್ಧತಿ ರೂಪಿಸಿದ ಅರ್ಪಾಡ್ ಎಲೋ ಅವರ ಲೆಕ್ಕದಲ್ಲಿ ಎದುರಾಳಿಗಿಂತ 200 ಪಾಯಿಂಟ್ ಮೇಲಿರುವವರು ನೂರು ಆಟಕ್ಕೆ ಸುಮಾರು 76 ಅಂಕ (ಗೆದ್ದರೆ ಒಂದು, ಡ್ರಾ ಆದರೆ ಅರ್ಧ) ಗಳಿಸಬೇಕು. ಆದರೆ ಈ ಲೆಕ್ಕ ನಿಲ್ಲುವುದು ಒಂದೇ ಬಳಗದೊಳಗೆ ಆಡುವವರಿಗೆ. ಯಂತ್ರಗಳು ಯಂತ್ರಗಳ ಜೊತೆಗೇ ಆಡಿ ಪಡೆದ ಸಂಖ್ಯೆ ಬೇರೆ ಬಳಗದ್ದು. ಸ್ವೀಡನ್‌ನ ಚೆಸ್ ಕಂಪ್ಯೂಟರ್ ಸಂಘ ಇದೇ ಕಾರಣಕ್ಕೆ 2000ದಲ್ಲಿ ಕಂಪ್ಯೂಟರ್‌ಗಳ ತನ್ನ ಇಡೀ ರೇಟಿಂಗ್ ಪಟ್ಟಿಯನ್ನು 100 ಪಾಯಿಂಟ್ ಇಳಿಸಿತು. ಚೆಸ್ ಪ್ರೋಗ್ರಾಂ ಸ್ಟಾಕ್‌ಫಿಶ್‌ನ 3600ರಿಂದ ಮಾಜಿ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಅವರ ಗರಿಷ್ಠ ರೇಟಿಂಗ್ 2882 ಕಳೆದು ನೋಡುವುದಕ್ಕೂ ಅರ್ಥವಿಲ್ಲ.

ಹತ್ತು ಆಟ ಬಹಳ ಕಡಿಮೆ ಕೂಡ. 2009ರಲ್ಲಿ ಬ್ಯೂನಸ್ ಐರಿಸ್‌ನ ಟೂರ್ನಿಯಲ್ಲಿ ಪಾಕೆಟ್ ಫ್ರಿಟ್ಜ್ 4 ಎಂಬ ಚೆಸ್ ಪ್ರೋಗ್ರಾಂ ಒಂದು ಮೊಬೈಲ್‌ನಲ್ಲೇ ಕೂತು ಮನುಷ್ಯರ ಎದುರು 10ಕ್ಕೆ 9.5 ಅಂಕ ಗಳಿಸಿತು. ಆ ಆಟದ ಮಟ್ಟ 2898 ಅಂತ ಲೆಕ್ಕವಾಯಿತು. ಅದ್ಭುತ ಸಾಧನೆ. ಆದರೆ ಅದೇ ಯಂತ್ರ ಇನ್ನೊಂದು ಅರ್ಧ ಅಂಕ ಕಳೆದುಕೊಂಡಿದ್ದರೂ ಸಾಕಿತ್ತು, ಲೆಕ್ಕ ಸುಮಾರು 100 ಪಾಯಿಂಟ್ ಕೆಳಗೆ ಬರುತ್ತಿತ್ತು! ನಿಮ್ಮ ಮಗಳ ಐದು ಗೆಲುವು ಕೂಡ 200 ಪಾಯಿಂಟ್ ಅತ್ತಿತ್ತ ಸರಿಯಬಹುದು.

ಇನ್ನೊಂದು ಮುಖ್ಯ ವಿಷಯ. ಬಲವಾದ ಎಂಜಿನ್‌ಗೆ (ಚೆಸ್ ಆಡುವ ಪ್ರೋಗ್ರಾಂಗೆ) '1800' ವೇಷ ಹಾಕಲು ಆಗಾಗ ಬೇಕೆಂದೇ ಕೆಟ್ಟ ನಡೆ ಆಡಿಸುವುದುಂಟು. ಇಪ್ಪತ್ತು ನಡೆ ಚೆನ್ನಾಗಿ ಆಡುತ್ತದೆ, ಆಮೇಲೆ ಸುಮ್ನೆ ಕುದುರೆ ಕೊಟ್ಟುಬಿಡುತ್ತದೆ. ಮಕ್ಕಳು ಅದಕ್ಕಾಗಿಯೇ ಕಾಯುವುದನ್ನು ಕಲಿಯುತ್ತಾರೆ. 1800ರ ಮನುಷ್ಯ ಹಾಗೆ ಕೊಡುವುದು ಅಪರೂಪ. ಅವರು ನಿಮ್ಮ ಸಣ್ಣ ದೌರ್ಬಲ್ಯವನ್ನು ಹಿಡಿದು ನಿಧಾನವಾಗಿ ಹಿಂಡುತ್ತಾರೆ.

ಹಾಗಂತ 1520 ಕೊನೆಯ ಮಾತೂ ಅಲ್ಲ. ಬೆಳೆಯುವ ಮಕ್ಕಳ ಆಟ ಮುಂದೆ ಓಡುತ್ತದೆ, ಟೂರ್ನಿ ಕಡಿಮೆಯಾದರೆ ರೇಟಿಂಗ್ ಹಿಂದೆ ಉಳಿಯುತ್ತದೆ.

ಪರೀಕ್ಷೆ ಸುಲಭ. ನಿಮ್ಮ ಕ್ಲಬ್‌ನಲ್ಲಿ 1500ರಿಂದ 1800ರೊಳಗಿನ ನಾಲ್ಕೈದು ಜನರನ್ನು ಅದೇ ಮೊಬೈಲ್, ಅದೇ ಮಟ್ಟದ ಎದುರು ಆಡಿಸಿ. ಒಬ್ಬೊಬ್ಬರಿಗೂ ಹತ್ತು ಆಟ ಇರಲಿ. ಟೂರ್ನಿಯಂತೆ ಗಡಿಯಾರ ಇಡಿ, ನಡೆ ವಾಪಸ್ ತೆಗೆಯಲು ಬಿಡಬೇಡಿ. 1600ರವರಿಗೂ ಸಮಸಮ ಬಂದರೆ, ಆ '1800' ನಿಮ್ಮ ಬಳಗಕ್ಕೆ 1600ರ ಆಸುಪಾಸು. ಮಗಳ ಆಟವನ್ನು ಆಮೇಲೆ ಅದಕ್ಕೆ ಹೋಲಿಸಿ.