ಅಮ್ಮ ಮೂರು ಸಲ ಹೋಗಿ ಹೇಳಿದ್ದರು

ಪ್ರಶ್ನೆ: ನನ್ನ ಅಕ್ಕ ಹೆರಿಗೆಯಾಗಿ ಐದೇ ಗಂಟೆಯಲ್ಲಿ ತೀರಿಕೊಂಡಳು. ಮಗು ಉಳಿಯಿತು. ರಕ್ತ ನಿಲ್ಲುತ್ತಿಲ್ಲ ಎಂದು ಅಮ್ಮ ಮೂರು ಸಲ ಹೋಗಿ ಹೇಳಿದರೂ ‘ಹೆರಿಗೆ ಅಂದ ಮೇಲೆ ರಕ್ತ ಹೋಗುತ್ತೆ’ ಎಂದು ಕಳಿಸಿದರಂತೆ. ಮನೆಯಲ್ಲಿ ಎಲ್ಲರೂ ಅವಳ ಹಣೆಬರಹ ಅನ್ನುತ್ತಾರೆ. ಇದು ಮಾನವ ಹಕ್ಕಿನ ವಿಷಯ ಎಂದು ಎಲ್ಲೋ ಓದಿದೆ. ಸಾವಿಗೂ ಹಕ್ಕಿಗೂ ಏನು ಸಂಬಂಧ? ನಾವು ಏನಾದರೂ ಕೇಳಬಹುದಾ?
– ಹೆಸರು ಬೇಡ

ಉತ್ತರ: ನಿಮ್ಮಮ್ಮ ಮೂರು ಸಲ ಹೋಗಿ ಹೇಳಿದರು ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಮುಂದೆ ಹೋಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಾನು 31 ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಬಾಣಂತಿಯ ಪಕ್ಕ ಕೂತವರು ‘ಸಿಸ್ಟರ್, ಒಂದ್ಸಲ ಬಂದು ನೋಡಿ’ ಅಂದರೆ ಎದ್ದು ಹೋಗಲೇಬೇಕು. ಕಣ್ಣಂದಾಜಿಗೆ ರಕ್ತ ಸಾಮಾನ್ಯವಾಗಿ ಕಡಿಮೆಯೇ ಕಾಣುತ್ತದೆ. ಅರ್ಧ ಹಾಸಿಗೆ ಹೀರಿಕೊಂಡಿರುತ್ತದೆ, ಇನ್ನರ್ಧ ಬೆನ್ನಡಿಗೆ ಹರಿದಿರುತ್ತದೆ. ಹೊದಿಕೆ ಎತ್ತಿ, ಸೊಂಟದ ಕೆಳಗೆ ಕೈ ಹಾಕಿ ನೋಡಿದಾಗಲೇ ಗೊತ್ತಾಗುವುದು.

ಅದಕ್ಕೇ ಈಗ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಬಾಣಂತಿಯ ಅಡಿಗೆ ಹಾಸಿ, ರಕ್ತವನ್ನು ಅಳೆಯುವ ಪದ್ಧತಿ ಬಂದಿದೆ. ಅರ್ಧ ಲೀಟರ್ ಮುಟ್ಟಿತೋ, ಹೊಟ್ಟೆಯ ಮೇಲಿಂದ ಗರ್ಭಕೋಶ ಉಜ್ಜುವುದು, ಗರ್ಭಕೋಶ ಬಿಗಿಯಾಗಲು ಆಕ್ಸಿಟೋಸಿನ್, ರಕ್ತಸ್ರಾವ ತಗ್ಗಿಸಲು ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್ ಎಲ್ಲವೂ ಒಟ್ಟಿಗೇ ಶುರು. ಆಫ್ರಿಕಾದ ನಾಲ್ಕು ದೇಶಗಳಲ್ಲಿ ಹೀಗೆ ಮಾಡಿ ನೋಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಮಾಡುವ ಹೊಟ್ಟೆಯ ಆಪರೇಷನ್, ಸಾವು ಇವೆಲ್ಲ ಸೇರಿ ಶೇ 60ರಷ್ಟು ಇಳಿದವು ಎಂದು 2023ರಲ್ಲಿ ವರದಿಯಾಯಿತು. ಹಣೆಬರಹ ಹೀಗೆಲ್ಲ ಬದಲಾಗುತ್ತದಾ?

ಹಕ್ಕಿನ ಮಾತು ಬರುವುದು ಇಲ್ಲೇ. 2023ರಲ್ಲಿ ಜಗತ್ತಿನಲ್ಲಿ ಸುಮಾರು 2.6 ಲಕ್ಷ ಹೆಂಗಸರು ಬಸಿರು, ಹೆರಿಗೆಯ ಕಾರಣಕ್ಕೆ ಸತ್ತರು. ಹೆಚ್ಚಿನವರನ್ನು ಉಳಿಸುವ ಔಷಧಿ, ವಿಧಾನ ಎರಡೂ ಗೊತ್ತಿದ್ದವು. ಗೊತ್ತಿದ್ದೂ ಅವರಿಗೆ ಸಿಗಲಿಲ್ಲ. ಮಹಿಳೆಯರ ವಿರುದ್ಧದ ತಾರತಮ್ಯ ತೊಡೆಯುವ 1979ರ ವಿಶ್ವಸಂಸ್ಥೆಯ ಒಪ್ಪಂದದ 12ನೇ ವಿಧಿ, ಬಸಿರು, ಹೆರಿಗೆ, ಬಾಣಂತನದಲ್ಲಿ ಸರಿಯಾದ ಆರೈಕೆ ಕೊಡಿಸುವುದು ಸರ್ಕಾರದ ಹೊಣೆ ಎನ್ನುತ್ತದೆ.

ಬ್ರೆಜಿಲ್‌ನ ಒಂದು ಪ್ರಕರಣ ಹೇಳುತ್ತೇನೆ. 2002ರಲ್ಲಿ 28 ವರ್ಷದ ಕಪ್ಪು ಹೆಣ್ಣುಮಗಳೊಬ್ಬಳು, ಆರು ತಿಂಗಳ ಬಸುರಿ, ವಾಂತಿ, ಹೊಟ್ಟೆನೋವು ಅಂತ ಹೋದಳು. ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಮತ್ತೆ ಬಂದಾಗ ಮಗು ಹೊಟ್ಟೆಯಲ್ಲೇ ಹೋಗಿತ್ತು. ದೊಡ್ಡ ಆಸ್ಪತ್ರೆಗೆ ಸಾಗಿಸಲು ಆಂಬುಲೆನ್ಸ್‌ಗಾಗಿ ಗಂಟೆಗಟ್ಟಲೆ ಕಾದರು. ಅಲ್ಲಿ ಹಾಸಿಗೆ ಇರಲಿಲ್ಲ. ಅವಳ ಕೇಸ್ ಶೀಟ್ ಜೊತೆಗೆ ಬಂದಿರಲಿಲ್ಲ. ಅವಳು ಬದುಕಲಿಲ್ಲ. ಅವಳ ತಾಯಿ ಬಿಡಲಿಲ್ಲ, ಆ ಒಪ್ಪಂದದ ಪಾಲನೆ ನೋಡುವ ವಿಶ್ವಸಂಸ್ಥೆಯ ಸಮಿತಿಯವರೆಗೂ ಹೋದಳು. 2011ರಲ್ಲಿ ಸಮಿತಿ, ಇದಕ್ಕೆ ದೇಶವೇ ಹೊಣೆ ಎಂದಿತು. ತಾಯಂದಿರ ಸಾವಿನ ಬಗ್ಗೆ ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿಯೊಂದು ಕೊಟ್ಟ ಮೊದಲ ತೀರ್ಮಾನ ಅದು.

ನಾನು ಕೆಲಸ ಮಾಡಿದ ಕಡೆಯೂ ಒಂದು ರಾತ್ರಿ ರಕ್ತದ ಚೀಲ ಬರುವಷ್ಟರಲ್ಲಿ ಒಬ್ಬ ಬಾಣಂತಿ ಹೋಗಿಬಿಟ್ಟಳು. ಕಾರಣದ ಕಾಲಮ್ಮಿನಲ್ಲಿ ‘ಹೃದಯ ನಿಂತಿದ್ದರಿಂದ’ ಎಂದು ಬರೆಸಿದರು. ಬರೆದ ಕೈ ನನ್ನದೇ. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ ಅಲ್ವಾ? ರಕ್ತ ಯಾಕೆ ತಡವಾಯಿತು ಎಂದು ಆ ಮನೆಯವರಿಗೆ ತಿಳಿಯಲೇ ಇಲ್ಲ. ಅವತ್ತು ನಾನು ಬಾಯಿ ಬಿಡಬೇಕಿತ್ತು.

ನೀವು ಖಂಡಿತ ಕೇಳಬಹುದು. ಕೇಸ್ ಶೀಟಿನ ಪ್ರತಿ ಬೇಕು ಎಂದು ಲಿಖಿತವಾಗಿ ಕೇಳಿ, ಅರ್ಜಿ ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಈ ಸಾವಿನ ಪರಿಶೀಲನೆ ಆಗಿದೆಯಾ, ಅದರಲ್ಲಿ ಅಮ್ಮನ ಮಾತು ಕೇಳಿದ್ದಾರಾ ಎಂದೂ ಕೇಳಿ. ಒಬ್ಬ ನರ್ಸನ್ನೋ ಡಾಕ್ಟರನ್ನೋ ಹಿಡಿದು ಬೈದು ಸುಮ್ಮನಾಗುವುದಕ್ಕೆ ಇದನ್ನು ಮಾಡುವುದು ಬೇಡ. ಎಲ್ಲಿ ತಡವಾಯಿತು ಅಂತ ಗೊತ್ತಾಗಬೇಕು.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಇವತ್ತೇ ಅಮ್ಮನ ಪಕ್ಕ ಕೂತು ಬರೆದುಕೊಳ್ಳಿ. ಮೊದಲ ಸಲ ಎಷ್ಟು ಹೊತ್ತಿಗೆ ಹೋಗಿ ಹೇಳಿದರು, ಎರಡನೇ ಸಲ ಯಾವಾಗ, ಮೂರನೇ ಸಲ ಯಾವಾಗ, ಯಾರು ಎದ್ದು ಬಂದರು. ಅಮ್ಮ ಹೇಳಿದ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ.